ಮಧುಮೇಹಿಗಳ ಮಾಂಸಖಂಡಗಳಿಗೆ ತಗಲುವ ನಂಜು

(ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.)

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವೈದ್ಯಶಾಸ್ತ್ರದ ವಿಷಯವನ್ನೆತ್ತಿಕೊಂಡು ಬರೆಯಹೊರಟರೆ ಓದುಗರು ಹುಬ್ಬೇರಿಸುವುದು ಸಹಜ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವು ನನ್ನ ಅಭ್ಯಾಸದ ವಿಷಯಗಳು. ಶರೀರಶಾಸ್ತ್ರದಲ್ಲಿ ನನಗಿರುವ ಜ್ಞಾನವು ಹೈಸ್ಕೂಲಿನ ಪಠ್ಯಪುಸ್ತಕವನ್ನು ದಾಟಿದುದಲ್ಲ. ಆದರೂ ಈ ಲೇಖನವನ್ನು ಬರೆಯುವುದಕ್ಕೆ ಒಂದು ಕಾರಣವುಂಟು. ಕಳೆದ ಮಳೆಗಾಲದಲ್ಲಿ ನಮ್ಮ ಸೋದರಮಾವನವರು ಸಾವಿನ ಬಾಗಿಲವರೆಗೆ ಹೋಗಿ ಹಿಂತಿರುಗಿದರು. ಅವರನ್ನು ಅಲ್ಲಿಯವರೆಗೆ ನೂಕಿದುದರಲ್ಲಿ ನಮ್ಮೆಲ್ಲರ ಅಜ್ಞಾನದ ಪಾಲಿತ್ತು, ನನ್ನದೂ ಇತ್ತು. ಅಂದಿನಿಂದ ಈ ವಿಷಯದಲ್ಲಿ ಕೇಳಿ, ಓದಿ ತಿಳಿದುಕೊಂಡುದನ್ನು ಸಹಪಾಠಿಗಳ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮಾವನಿಗೆ ಐವತ್ತೆರಡು ವರ್ಷ. ಮಲೆನಾಡಿನ ಒಂದು ಹಳ್ಳಿಯಲ್ಲಿ ಅಡಿಕೆ ತೋಟ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗುತ್ತಿದ್ದರು, ಆದರೆ ನೆನಪಾದ ದಿನ ಒಂದು, ಮರೆತ ದಿನ ಇಲ್ಲ. ಜುಲೈ ತಿಂಗಳಿನ ಒಂದು ಸಂಜೆ ತೋಟದ ಹಳ್ಳಕ್ಕೆ ಹಾಕಿದ್ದ ಸಂಕದ ಮೇಲೆ ಕಾಲು ಜಾರಿ, ಮರದ ದಿಮ್ಮಿಗೆ ತೊಡೆ ಬಡಿಯಿತು. ಗಾಯವಾಗಲಿಲ್ಲ, ರಕ್ತ ಬರಲಿಲ್ಲ. ಮೂರು ನಾಲ್ಕು ದಿನಗಳಾದ ಮೇಲೆ ತೊಡೆಯ ಒಳಗೆ ಎಲ್ಲಿಯೋ ಒಂದು ಮಂದವಾದ ನೋವು ಕಾಣಿಸಿಕೊಂಡಿತು. ಸಂಜೆಯ ಹೊತ್ತಿಗೆ ಮೈ ಬೆಚ್ಚಗಾಗುತ್ತಿತ್ತು. ಉಳುಕಿರಬೇಕೆಂದು ಎಲ್ಲರೂ ಹೇಳಿದರು. ಅತ್ತೆ ಎಣ್ಣೆ ಕಾಯಿಸಿ ಕೊಟ್ಟರು. ರಜೆಗೆ ಹೋಗಿದ್ದ ನಾನು ದಿನಕ್ಕೆ ಎರಡು ಸಲ ತೊಡೆಯನ್ನು ಬಲವಾಗಿ ತಿಕ್ಕಿದೆ. ಬಿಸಿನೀರಿನ ಶಾಖ ಕೊಟ್ಟೆವು. ಊರಿನಲ್ಲಿ ಒಬ್ಬರು ನೋವಿಗೆಂದು ಎರಡು ಇಂಜೆಕ್ಷನ್ ಚುಚ್ಚಿದರು. ರಕ್ತದ ಸಕ್ಕರೆಯನ್ನು ನೋಡೋಣವೆಂದು ಯಾರಿಗೂ ತೋಚಲಿಲ್ಲ. ಹದಿನಾರನೆಯ ದಿನ ತೊಡೆ ಬಾಳೆದಿಂಡಿನಂತೆ ಊದಿ ಬಿಗಿಯಿತು; ಚಳಿ ಹತ್ತಿ ಹಲ್ಲು ಕಟಕಟಿಸತೊಡಗಿತು; ಮಾತು ತಡವರಿಸಿತು. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕರೆದೊಯ್ದಾಗ ರಕ್ತದಲ್ಲಿ ಸಕ್ಕರೆ ನಾನೂರನ್ನು ದಾಟಿತ್ತು. ಅದೇ ರಾತ್ರಿ ತೊಡೆಯನ್ನು ಸೀಳಿ ಅರ್ಧ ಚೊಂಬಿನಷ್ಟು ಕೀವನ್ನು ಹೊರತೆಗೆದರು.

ಮರುದಿನ ಶಸ್ತ್ರವೈದ್ಯರು ನನ್ನನ್ನು ಕೇಳಿದರು: “ತಿಕ್ಕಿದವರು ಯಾರಪ್ಪಾ?”

“ನಾನೇ ಸಾರ್” ಎಂದೆ.

ಅವರು ಸಿಟ್ಟಾಗಲಿಲ್ಲ. “ಮುಂದೆ ಯಾರಾದರೂ ತಿಕ್ಕಹೊರಟರೆ ಬೇಡವೆಂದು ಹೇಳು” ಎಂದಷ್ಟೇ ಹೇಳಿದರು. ಆ ಮಾತಿನ ಫಲವೇ ಈ ಲೇಖನ.

ಮಧುಮೇಹವು ಹೊಸ ರೋಗವಲ್ಲ. ಚರಕ, ಸುಶ್ರುತರ ಸಂಹಿತೆಗಳಲ್ಲಿ ಪ್ರಮೇಹವೆಂಬ ಹೆಸರಿನಿಂದ ಇದರ ವಿಸ್ತಾರವಾದ ವರ್ಣನೆಯಿದೆ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ನಮ್ಮ ಪ್ರಾಚೀನರು ಗಮನಿಸಿದ್ದರು. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಬೆರಗುಗೊಳಿಸಿದ ಸಂಗತಿ ಇನ್ನೊಂದು. ಪ್ರಮೇಹವನ್ನು ಅಲಕ್ಷಿಸಿದವರಿಗೆ ಮೈಮೇಲೆ ‘ಪಿಡಕ’ಗಳೆಂಬ ಕುರುಗಳು ಏಳುತ್ತವೆಂದು ಅವರು ಹೇಳಿದ್ದಾರೆ. ಚರಕನು ಏಳು ಬಗೆಯ ಪಿಡಕಗಳನ್ನು ಹೆಸರಿಸಿದರೆ ಸುಶ್ರುತನು ಹತ್ತು ಬಗೆಗಳನ್ನು ಹೆಸರಿಸುತ್ತಾನೆ. ಆಳದಲ್ಲಿ ಕೀವುಗಟ್ಟುವ ‘ವಿದ್ರಧಿ’ಯ ಹೆಸರು ಆ ಪಟ್ಟಿಯಲ್ಲಿದೆ. ಸಕ್ಕರೆಗೂ ಕೀವಿಗೂ ಇರುವ ನಂಟನ್ನು ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿಯೇ ಕಂಡುಕೊಂಡವರ ಕಣ್ಣು ಎಷ್ಟು ಹರಿತವಾದುದು! ಇತ್ತ ಪಶ್ಚಿಮದಲ್ಲಿ, ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿ ಬಾಳಿದ ಕಪ್ಪಡೋಸಿಯದ ಅರೆಟಿಯಸ್ ಎಂಬ ಗ್ರೀಕ್ ವೈದ್ಯನು, ಈ ರೋಗದಲ್ಲಿ ಮೈಯ ಮಾಂಸವೇ ಕರಗಿ ಮೂತ್ರವಾಗಿ ಹರಿದುಹೋಗುತ್ತದೆ ಎಂದು ಬರೆದನು.

ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಜೀರ್ಣವಾಗಿ ಕೊನೆಗೆ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ಅದನ್ನು ಜೀವಕೋಶಗಳ ಒಳಕ್ಕೆ ಬಿಡುವ ಬೀಗದ ಕೈಯೇ ಇನ್ಸುಲಿನ್. ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಸಾಕಷ್ಟು ಸ್ರವಿಸದಿದ್ದರೆ, ಇಲ್ಲವೆ ಸ್ರವಿಸಿದರೂ ದೇಹವು ಅದಕ್ಕೆ ಓಗೊಡದಿದ್ದರೆ, ಸಕ್ಕರೆಯು ರಕ್ತದಲ್ಲಿಯೇ ಉಳಿಯುತ್ತದೆ. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಮೊದಲು ಕೊಡಲಾಯಿತು. ಅದುವರೆಗೆ ಆ ಬಗೆಯ ಮಧುಮೇಹದ ಮಕ್ಕಳಿಗೆ ಸಾವೊಂದೇ ಗತಿಯಾಗಿತ್ತು. ಇಂದು ನಮ್ಮ ದೇಶದ ಸ್ಥಿತಿಯೇನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ. ಈ ಲೇಖನವನ್ನು ಓದುತ್ತಿರುವವರಲ್ಲಿ ಮನೆಯಲ್ಲಿ ಒಬ್ಬ ಮಧುಮೇಹಿಯೂ ಇಲ್ಲದವರು ಬಹಳ ಮಂದಿ ಇರಲಾರರು.

ಮಧುಮೇಹದಿಂದ ಕಣ್ಣು, ಮೂತ್ರಪಿಂಡ, ಹೃದಯ, ಪಾದಗಳಿಗೆ ಒದಗುವ ಕೇಡು ಬಹುಮಂದಿಗೆ ತಿಳಿದಿದೆ. ಮಾಂಸಖಂಡಗಳಿಗೆ ತಗಲುವ ನಂಜಿನ ವಿಷಯ ಮಾತ್ರ ಅಷ್ಟಾಗಿ ತಿಳಿದಿಲ್ಲ. ಅದಕ್ಕೆ ಕಾರಣ ಅದು ವಿರಳವಾಗಿರುವುದು. ಆದರೆ ಬಂದಾಗ ಅದು ಪ್ರಾಣಾಂತಿಕವಾಗಿ ಬರುತ್ತದೆ.

ಮೊದಲು ಒಂದು ಪ್ರಶ್ನೆ. ನಮ್ಮ ಮೈಯಲ್ಲಿ ಮಾಂಸಖಂಡಗಳಷ್ಟು ಹೇರಳವಾದ ಅಂಗಾಂಶ ಬೇರೊಂದಿಲ್ಲ. ಚರ್ಮಕ್ಕೆ ಕುರುವಾಗುತ್ತದೆ, ಗಂಟಲು ಬಾತುಕೊಳ್ಳುತ್ತದೆ, ಶ್ವಾಸಕೋಶಕ್ಕೆ ನ್ಯುಮೋನಿಯಾ ಬರುತ್ತದೆ. ಹಾಗಾದರೆ ಮಾಂಸಖಂಡಗಳಿಗೆ ಮಾತ್ರ ನಂಜು ಅಷ್ಟು ಅಪರೂಪವೇಕೆ? ಮಾಂಸಖಂಡಗಳಲ್ಲಿ ರಕ್ತಸಂಚಾರ ಧಾರಾಳ. ಆದುದರಿಂದ ಕಾವಲುಗಾರರಾದ ಬಿಳಿಯ ರಕ್ತಕಣಗಳು ಬೇಗ ಬಂದು ಸೇರುತ್ತವೆ. ಇನ್ನೊಂದು ಕಾರಣ ಸ್ವಾರಸ್ಯವಾದುದು. ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಬೆಳೆಯಬೇಕಾದರೆ ಕಬ್ಬಿಣದ ಅಂಶ ಬೇಕು. ಮಾಂಸದಲ್ಲಿ ಕಬ್ಬಿಣವೇನೋ ಉಂಟು. ಆದರೆ ಮಾಂಸಕ್ಕೆ ಕೆಂಬಣ್ಣವನ್ನು ಕೊಡುವ ಮಯೋಗ್ಲೋಬಿನ್ ಎಂಬ ವಸ್ತುವು ಅದನ್ನು ತನ್ನ ಮುಷ್ಟಿಯಲ್ಲಿ ಬಿಗಿಹಿಡಿದಿರುತ್ತದೆ. ಕಣಜ ತುಂಬಿದ್ದರೂ ಬೀಗ ಹಾಕಿದ್ದರೆ ಕಳ್ಳನಿಗೇನು ಲಾಭ? ಮಾಂಸಖಂಡಗಳಿಗೆ ಇರುವ ರಕ್ಷಣೆಗೆ ಇದೂ ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ.

ಹಾಗಾದರೆ ಬೀಗ ಮುರಿಯುವುದು ಯಾವಾಗ? 1904ರಲ್ಲಿ ಮಿಯಾಕೆ ಎಂಬ ಜಪಾನೀ ವೈದ್ಯನು ಮೊಲಗಳ ಮೇಲೆ ನಡೆಸಿದ ಪ್ರಯೋಗವು ಇದಕ್ಕೆ ಉತ್ತರ ಕೊಟ್ಟಿತು. ಕೀವು ಹುಟ್ಟಿಸುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಅವನು ಮೊಲಗಳ ರಕ್ತಕ್ಕೆ ಸೇರಿಸಿದನು. ಆರೋಗ್ಯವಾಗಿದ್ದ ಮಾಂಸಖಂಡಗಳಲ್ಲಿ ಕುರು ಏಳಲಿಲ್ಲ. ಆದರೆ ಒಂದೆರಡು ದಿನ ಮೊದಲು ಯಾವ ಮಾಂಸಖಂಡಕ್ಕೆ ಪೆಟ್ಟು ಬಿದ್ದಿತ್ತೋ ಅಲ್ಲಿ ಕುರು ಎದ್ದಿತು. ಅಂದರೆ ನಂಜು ನೆಲೆಯೂರಬೇಕಾದರೆ ಎರಡು ಸೇರಬೇಕು: ರಕ್ತದಲ್ಲಿ ಹರಿದು ಬರುವ ಬ್ಯಾಕ್ಟೀರಿಯಾ ಒಂದು, ಪೆಟ್ಟು ತಿಂದು ನೊಂದ ಮಾಂಸ ಇನ್ನೊಂದು. ನಮ್ಮ ಮಾವ ಸಂಕದ ಮೇಲೆ ಬಿದ್ದಾಗ ಹೊರಗೆ ಗಾಯವಾಗದಿದ್ದರೂ ಒಳಗೆ ಜಜ್ಜಿಹೋದ ಮಾಂಸವು ಬರುವ ಅತಿಥಿಗೆ ಮಣೆ ಹಾಕಿ ಕಾದಿತ್ತು.

ಮಧುಮೇಹಿಗಳಿಗೆ ಈ ಅಪಾಯ ಹೆಚ್ಚಾಗುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳುಂಟು. ಮೊದಲನೆಯದು, ರಕ್ತದಲ್ಲಿ ಸಕ್ಕರೆ ಹೆಚ್ಚಿರುವಾಗ ಬಿಳಿಯ ರಕ್ತಕಣಗಳು ಮಂಕಾಗುತ್ತವೆ; ಶತ್ರುವಿದ್ದಲ್ಲಿಗೆ ಅವು ಬೇಗ ಧಾವಿಸುವುದಿಲ್ಲ, ಧಾವಿಸಿದರೂ ನುಂಗಿ ಕೊಲ್ಲುವ ಶಕ್ತಿ ಕುಂದಿರುತ್ತದೆ. ಎರಡನೆಯದು, ಬಹುಕಾಲದ ಮಧುಮೇಹದಿಂದ ಸಣ್ಣ ರಕ್ತನಾಳಗಳು ದಪ್ಪಗಟ್ಟಿ ಕಿರಿದಾಗುತ್ತವೆ. ಆಗ ಆಮ್ಲಜನಕವೂ ಔಷಧವೂ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ. ಆಮ್ಲಜನಕವಿಲ್ಲದೆಡೆಯಲ್ಲಿಯೇ ಬದುಕುವ ಬ್ಯಾಕ್ಟೀರಿಯಾಗಳಿಗಂತೂ ಇದು ಹಬ್ಬ. ಮೂರನೆಯದು, ನರಗಳು ಜಡವಾಗುವುದರಿಂದ ಕಾಲಿಗೆ ಮುಳ್ಳು ಚುಚ್ಚಿದರೂ, ಬಿಸಿನೀರು ಸುಟ್ಟರೂ ತಿಳಿಯುವುದಿಲ್ಲ. ನಾವು ಶಾಖ ಕೊಟ್ಟಾಗ ಮಾವನ ಮೊಣಕಾಲಿನ ಬಳಿ ಬೊಬ್ಬೆ ಎದ್ದಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ನಾಲ್ಕನೆಯದು, ಮಧುಮೇಹಿಗಳ ಚರ್ಮದಲ್ಲಿ ಸಣ್ಣ ಬಿರುಕು, ಹುಣ್ಣು, ಬೆರಳುಸಂದಿಯ ಕೆಸರುಹುಣ್ಣುಗಳು ಸಾಮಾನ್ಯ. ಬ್ಯಾಕ್ಟೀರಿಯಾಕ್ಕೆ ಒಳಗೆ ಬರಲು ಅಷ್ಟು ಕಿಂಡಿ ಸಾಕು.

ಈ ನಂಜುಗಳಲ್ಲಿ ಮುಖ್ಯವಾದ ಮೂರು ಬಗೆಗಳನ್ನು ಇಲ್ಲಿ ವಿವರಿಸುತ್ತೇನೆ.

ಮಾವನಿಗೆ ಬಂದುದು ಪಯೋಮಯೋಸೈಟಿಸ್, ಎಂದರೆ ಮಾಂಸಖಂಡದೊಳಗೆ ಕೀವುಗಟ್ಟುವ ರೋಗ. ಟೋಕಿಯೋದಲ್ಲಿ ಶಸ್ತ್ರವೈದ್ಯವನ್ನು ಬೋಧಿಸುತ್ತಿದ್ದ ಯೂಲಿಯಸ್ ಸ್ಕ್ರಿಬಾ ಎಂಬ ಜರ್ಮನ್ ವೈದ್ಯನು 1885ರಲ್ಲಿ ಇದನ್ನು ವರ್ಣಿಸಿದನು. ಉಷ್ಣವಲಯದ ದೇಶಗಳಲ್ಲಿ ಇದು ಹೆಚ್ಚಾದುದರಿಂದ ಇದಕ್ಕೆ ಉಷ್ಣವಲಯದ ರೋಗವೆಂಬ ಬಿರುದೂ ಬಂದಿತು. ಬಹುಪಾಲು ಸಂದರ್ಭಗಳಲ್ಲಿ ಇದರ ಮೂಲ ಸ್ಟ್ಯಾಫಿಲೋಕಾಕಸ್ ಆರಿಯಸ್. ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ ಸುಮ್ಮನೆ ಕುಳಿತಿರುವ ಜೀವಿಯೇ ಅದು. ಮಧುಮೇಹಿಗಳಲ್ಲಿ ಕ್ಲೆಬ್ಸಿಯೆಲ್ಲಾ ಮೊದಲಾದ ಬೇರೆ ಬ್ಯಾಕ್ಟೀರಿಯಾಗಳೂ ಕಾಣಿಸುವುದುಂಟು. ತೊಡೆ, ಪೃಷ್ಠ, ಸೊಂಟದ ಒಳಭಾಗದ ದೊಡ್ಡ ಮಾಂಸಖಂಡಗಳು ಇದರ ಮೆಚ್ಚಿನ ಠಾವುಗಳು.

ಈ ರೋಗ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಮಂದವಾದ ನೋವು, ಸಣ್ಣ ಜ್ವರ, ಮುಟ್ಟಿದರೆ ಮರದಂತೆ ಗಟ್ಟಿಯಾದ ಮಾಂಸ. ಮೇಲಿನ ಚರ್ಮ ಕೆಂಪಾಗಿರುವುದಿಲ್ಲ. ಆದುದರಿಂದಲೇ ಎಲ್ಲರೂ ಇದನ್ನು ಉಳುಕೆಂದು ಬಗೆಯುತ್ತಾರೆ. ಹತ್ತು ದಿನಗಳಿಂದ ಮೂರು ವಾರಗಳೊಳಗೆ ಎರಡನೆಯ ಹಂತ: ಕೀವು ತುಂಬುತ್ತದೆ, ಜ್ವರ ಏರುತ್ತದೆ, ನೋವು ಹೆಚ್ಚುತ್ತದೆ. ಹೆಚ್ಚಿನ ರೋಗಿಗಳು ವೈದ್ಯರ ಬಳಿಗೆ ಬರುವುದು ಈಗ. ಇನ್ನೂ ತಡವಾದರೆ ಮೂರನೆಯ ಹಂತ: ನಂಜು ರಕ್ತಕ್ಕೇರುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡ ಸೋಲುತ್ತದೆ. ಮೊದಲ ಹಂತದಲ್ಲಿ ಔಷಧದಿಂದಲೇ ವಾಸಿಯಾಗಬಹುದಾದ ರೋಗಕ್ಕೆ ಎರಡನೆಯ ಹಂತದಲ್ಲಿ ಕತ್ತಿ ಬೇಕು. ಮೂರನೆಯ ಹಂತದಲ್ಲಿ ಕತ್ತಿಯ ಜೊತೆಗೆ ಅದೃಷ್ಟವೂ ಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ನಮ್ಮ ಗಾದೆಯ ಅರ್ಥ ನನಗೆ ಸರಿಯಾಗಿ ತಿಳಿದುದು ಆಸ್ಪತ್ರೆಯ ವರಾಂಡದಲ್ಲಿ.

ಎರಡನೆಯದು ಇದಕ್ಕಿಂತ ಘೋರವಾದುದು. ಚರ್ಮದ ಕೆಳಗೆ, ಮಾಂಸಖಂಡಗಳ ಮೇಲೆ, ಫೇಷಿಯಾ ಎಂಬ ತೆಳುವಾದ ಪೊರೆಯೊಂದು ಹೊದಿಕೆಯಂತೆ ಹಬ್ಬಿದೆ. ಅದಕ್ಕೆ ನಂಜು ತಗಲಿ, ಪೊರೆಯೂ ಅದರ ಕೆಳಗಿನ ಮಾಂಸವೂ ಸತ್ತು ಕೊಳೆಯುವ ರೋಗಕ್ಕೆ ನೆಕ್ರೋಟೈಸಿಂಗ್ ಫೇಷಿಯೈಟಿಸ್ ಎಂದು ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ ಸೇನಾವೈದ್ಯನಾಗಿದ್ದ ಜೋಸೆಫ್ ಜೋನ್ಸ್ ಎಂಬಾತನು 1871ರಲ್ಲಿ ಇಂಥ ಸುಮಾರು 2,600 ರೋಗಿಗಳ ವೃತ್ತಾಂತವನ್ನು ಬರೆದನು. ಅವರಲ್ಲಿ ನೂರಕ್ಕೆ 46 ಮಂದಿ ಸತ್ತಿದ್ದರು. 1883ರಲ್ಲಿ ಪ್ಯಾರಿಸ್ಸಿನ ಫೂರ್ನಿಯೇ ಎಂಬ ವೈದ್ಯನು ಗುಪ್ತಾಂಗಗಳಿಗೆ ತಗಲುವ ಇದೇ ಜಾತಿಯ ರೋಗವನ್ನು ವರ್ಣಿಸಿದನು. ಆ ರೋಗಕ್ಕೆ ಇಂದಿಗೂ ಅವನ ಹೆಸರೇ ನಿಂತಿದೆ. 1924ರಲ್ಲಿ ಪೆಕಿಂಗ್ ನಗರದ ಆಸ್ಪತ್ರೆಯಲ್ಲಿದ್ದ ಮೆಲೆನಿ ಎಂಬ ಅಮೆರಿಕನ್ ಶಸ್ತ್ರವೈದ್ಯನು 20 ರೋಗಿಗಳನ್ನು ಪರೀಕ್ಷಿಸಿ ಇದರ ಮೂಲದಲ್ಲಿ ಸ್ಟ್ರೆಪ್ಟೋಕಾಕಸ್ ಇರುವುದನ್ನು ತೋರಿಸಿದನು. 1952ರಲ್ಲಿ ವಿಲ್ಸನ್ ಎಂಬುವನು ಈಗಿನ ಹೆಸರನ್ನು ಕೊಟ್ಟನು. ಈ ರೋಗಕ್ಕೆ ತುತ್ತಾಗುವವರಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ಮೂಲವ್ಯಾಧಿ ಮಧುಮೇಹವೇ. ಅಂಥವರಲ್ಲಿ ಒಂದೇ ಜಾತಿಯ ಬದಲು ಹಲವು ಜಾತಿಯ ಬ್ಯಾಕ್ಟೀರಿಯಾಗಳು ಕೂಡಿ ದಾಳಿಮಾಡುವುದೇ ಹೆಚ್ಚು. ಇಂದಿನ ಚಿಕಿತ್ಸೆಯಿದ್ದರೂ ನೂರಕ್ಕೆ 20ರಿಂದ 30 ಮಂದಿ ಉಳಿಯುವುದಿಲ್ಲ.

ಇದನ್ನು ಗುರುತಿಸುವ ಮುಖ್ಯ ಲಕ್ಷಣವನ್ನು ಪ್ರತಿಯೊಬ್ಬರೂ ನೆನಪಿಡಬೇಕು. ಕಣ್ಣಿಗೆ ಕಾಣುವುದು ಸ್ವಲ್ಪ, ರೋಗಿ ನರಳುವುದು ಬಹಳ. ಚರ್ಮದ ಮೇಲೆ ಒಂದಿಷ್ಟು ಕೆಂಪು ಮಾತ್ರ ಇರುತ್ತದೆ. ನೋವು ಮಾತ್ರ ತಡೆಯಲಾರದಷ್ಟು. ಗಂಟೆಗಂಟೆಗೆ ಬಾವು ಹರಡುತ್ತದೆ. ಅನಂತರ ಚರ್ಮ ನೀಲಿಗಪ್ಪಾಗಿ, ನೀರ್ಗುಳ್ಳೆಗಳೆದ್ದು, ಕೊನೆಗೆ ನರಗಳೂ ಸತ್ತು ನೋವೇ ಇಲ್ಲದಂತಾಗುತ್ತದೆ. ನೋವು ಹೋಯಿತೆಂದು ಮನೆಯವರು ನೆಮ್ಮದಿಗೊಳ್ಳುವ ಆ ಹೊತ್ತೇ ಅತ್ಯಂತ ಭಯಂಕರವಾದುದು.

ಮೂರನೆಯದು ಗ್ಯಾಸ್ ಗ್ಯಾಂಗ್ರೀನ್, ಎಂದರೆ ಮಾಂಸದೊಳಗೆ ವಾಯು ಹುಟ್ಟಿ ಮಾಂಸ ಕೊಳೆಯುವುದು. 1892ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವೆಲ್ಚ್ ಮತ್ತು ನಟಾಲ್ ಎಂಬುವರು ಇದರ ಮೂಲವಾದ ಬ್ಯಾಕ್ಟೀರಿಯಾವನ್ನು ಪ್ರಕಟಪಡಿಸಿದರು. ಅದನ್ನು ಈಗ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎನ್ನುತ್ತಾರೆ. ಮಣ್ಣಿನಲ್ಲಿಯೂ ಪ್ರಾಣಿಗಳ ಕರುಳಿನಲ್ಲಿಯೂ ಇದು ವಾಸಿಸುತ್ತದೆ. ಗೊಬ್ಬರ ಹಾಕಿದ್ದ ಫ್ರಾನ್ಸಿನ ಹೊಲಗಳಲ್ಲಿ ಕಂದಕ ತೋಡಿ ಕಾದಾಡಿದ ಮೊದಲನೆಯ ಮಹಾಯುದ್ಧದ ಸೈನಿಕರಲ್ಲಿ ಎಷ್ಟೋ ಮಂದಿ ಗುಂಡಿನಿಂದಲ್ಲ, ಈ ಜೀವಿಯಿಂದ ಸತ್ತರು. ಅನುಕೂಲವಾದ ಕಡೆ ಇದು ಹತ್ತು ನಿಮಿಷಗಳೊಳಗೆ ಇಮ್ಮಡಿಯಾಗಬಲ್ಲದು. ಇದು ಸ್ರವಿಸುವ ವಿಷವು ಜೀವಕೋಶಗಳ ಪೊರೆಯನ್ನೇ ಕರಗಿಸುತ್ತದೆ. ಈ ವಿಷವು ನಿಜವಾಗಿ ಒಂದು ಕಿಣ್ವವೆಂದು 1941ರಲ್ಲಿ ಇಂಗ್ಲೆಂಡಿನಲ್ಲಿ ತೋರಿಸಲಾಯಿತು. ಬಾವಿನ ಮೇಲೆ ಬೆರಳಿಟ್ಟು ಒತ್ತಿದರೆ ಒಳಗೆ ಗುಳ್ಳೆ ಒಡೆದಂತೆ ಚರಚರವೆನ್ನುತ್ತದೆ. ಮಧುಮೇಹಿಗಳ ವಿಷಯದಲ್ಲಿ ಒಂದು ವಿಶೇಷವುಂಟು. ಅವರಲ್ಲಿ ಈ ಜೀವಿಯಿಲ್ಲದೆಯೂ, ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮೊದಲಾದ ಬ್ಯಾಕ್ಟೀರಿಯಾಗಳು ಅಂಗಾಂಶದ ಸಕ್ಕರೆಯನ್ನು ಹುಳಿಯಿಸಿ ವಾಯುವನ್ನು ಹುಟ್ಟಿಸಬಲ್ಲವು. ನಮ್ಮ ಮನೆಯ ದೋಸೆಹಿಟ್ಟು ರಾತ್ರಿ ಉಬ್ಬುವುದೂ ಇಂಥದೇ ಕ್ರಿಯೆಯಿಂದ.

ಕನ್ನಡ ನಾಡಿನವರು, ಅದರಲ್ಲಿಯೂ ಕರಾವಳಿ ಮಲೆನಾಡಿನವರು, ಇನ್ನೊಂದು ಹೆಸರನ್ನು ತಿಳಿದಿರಬೇಕು. ಅದು ಮೆಲಿಯಾಯ್ಡೋಸಿಸ್. 1911ರಲ್ಲಿ ಬರ್ಮಾದ ರಂಗೂನಿನಲ್ಲಿ ವಿಟ್ಮೋರ್ ಎಂಬ ವೈದ್ಯನು ತನ್ನ ಸಹಾಯಕರಾದ ಕೃಷ್ಣಸ್ವಾಮಿ ಎಂಬುವರೊಡನೆ ಈ ರೋಗವನ್ನು ಗುರುತಿಸಿ, ಮರುವರ್ಷ ಪ್ರಕಟಿಸಿದನು. ಇದರ ಬ್ಯಾಕ್ಟೀರಿಯಾ ಕೆಸರಿನಲ್ಲಿ, ಗದ್ದೆಯ ನೀರಿನಲ್ಲಿ ಇರುತ್ತದೆ. ಗದ್ದೆ, ತೋಟಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರ ಚರ್ಮದ ಬಿರುಕುಗಳ ಮೂಲಕ, ಕೆಲವೊಮ್ಮೆ ಉಸಿರಿನ ಮೂಲಕ, ಒಳಸೇರುತ್ತದೆ. ಮಳೆಗಾಲದಲ್ಲಿ ರೋಗಿಗಳ ಸಂಖ್ಯೆ ಏರುತ್ತದೆ. ಇದಕ್ಕೆ ಗುರಿಯಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಧುಮೇಹಿಗಳು. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಂದ ಇಂಥ ಅನೇಕ ರೋಗಿಗಳ ವಿವರಗಳು ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಶ್ವಾಸಕೋಶ, ಪಿತ್ತಜನಕಾಂಗ, ಮೂಳೆ, ಮಾಂಸಖಂಡ ಎಲ್ಲಿ ಬೇಕಾದರೂ ಇದು ಕೀವುಗಟ್ಟಿಸಬಹುದು. ಕ್ಷಯವೆಂದು ಭ್ರಮಿಸಿ ತಿಂಗಳುಗಟ್ಟಲೆ ಬೇರೆ ಔಷಧವನ್ನು ಕೊಡುವುದೂ ಉಂಟು. ಪೆನ್ಸಿಲಿನ್, ಜೆಂಟಾಮೈಸಿನ್‌ಗಳಿಗೆ ಇದು ಸಾಮಾನ್ಯವಾಗಿ ಜಗ್ಗುವುದಿಲ್ಲ. ಸೆಫ್ಟಾಜಿಡೀಮ್ ಅಥವಾ ಮೆರೊಪೆನೆಮ್ ಎಂಬ ಔಷಧವನ್ನು ಮೊದಲು ಕೆಲವು ವಾರ ರಕ್ತನಾಳದ ಮೂಲಕ ಕೊಟ್ಟು, ಅನಂತರ ಮೂರು ತಿಂಗಳಾದರೂ ಮಾತ್ರೆಗಳನ್ನು ಕೊಡಬೇಕಾಗುತ್ತದೆ. ನಡುವೆ ನಿಲ್ಲಿಸಿದರೆ ರೋಗ ಮರಳುತ್ತದೆ. ಮಾವನ ಕೀವನ್ನು ಪ್ರಯೋಗಶಾಲೆಗೆ ಕಳಿಸಿದಾಗ ವೈದ್ಯರು ಮೊದಲು ಶಂಕಿಸಿದ್ದು ಇದನ್ನೇ. ಕೊನೆಗೆ ಬಂದ ಉತ್ತರ ಸ್ಟ್ಯಾಫಿಲೋಕಾಕಸ್ ಎಂದು.

ಇವನ್ನು ಪತ್ತೆಹಚ್ಚುವ ಬಗೆ ಹೇಗೆ? ರಕ್ತಪರೀಕ್ಷೆಯಲ್ಲಿ ಬಿಳಿಯ ಕಣಗಳ ಏರಿಕೆ, ಸಕ್ಕರೆ, ಸೋಡಿಯಂ, ಕ್ರಿಯಾಟಿನಿನ್ ಮುಂತಾದುವನ್ನು ನೋಡುತ್ತಾರೆ. ಇಂಥ ಆರು ಪರೀಕ್ಷೆಗಳಿಗೆ ಅಂಕಗಳನ್ನು ಕೊಟ್ಟು ಕೂಡಿಸುವ ಕ್ರಮವೊಂದನ್ನು 2004ರಲ್ಲಿ ಸಿಂಗಪುರದ ವೈದ್ಯರು ರೂಪಿಸಿದರು. ಆದರೆ ಅಂಕ ಕಡಿಮೆ ಬಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳುವಂತಿಲ್ಲ. ಅಲ್ಟ್ರಾಸೌಂಡಿನಿಂದ ಕೀವಿರುವ ಜಾಗ ಗೊತ್ತಾಗುತ್ತದೆ, ಎಂ.ಆರ್.ಐ. ಚಿತ್ರದಲ್ಲಿ ಕೀವುಗಟ್ಟುವ ಮೊದಲೇ ಮಾಂಸದ ಬಾವು ಕಾಣಿಸುತ್ತದೆ. ಮಧುಮೇಹಿಗಳಲ್ಲಿ ಬ್ಯಾಕ್ಟೀರಿಯಾದ ಸಂಬಂಧವೇ ಇಲ್ಲದೆ, ರಕ್ತಸಂಚಾರ ನಿಂತು ತೊಡೆಯ ಮಾಂಸ ಸಾಯುವ ಇನ್ನೊಂದು ವಿರಳ ರೋಗವೂ ಉಂಟು; 1965ರಲ್ಲಿ ಅದನ್ನು ಮೊದಲು ವರ್ಣಿಸಿದರು. ಅದಕ್ಕೆ ವಿಶ್ರಾಂತಿ ಸಾಕು, ಕತ್ತಿ ಬೇಡ. ಎರಡನ್ನೂ ಬೇರ್ಪಡಿಸಿ ನೋಡುವುದು ನುರಿತವರ ಕೆಲಸ. ಮನೆಯಲ್ಲಿ ಕುಳಿತು ಊಹಿಸುವುದು ಸಲ್ಲದು.

ಚಿಕಿತ್ಸೆಗೆ ಮೂರು ಕಾಲುಗಳುಂಟು: ಶಸ್ತ್ರಕ್ರಿಯೆ, ಔಷಧ, ಇನ್ಸುಲಿನ್. ಇವುಗಳಲ್ಲಿ ಒಂದು ಮುರಿದರೂ ಪೀಠ ನಿಲ್ಲದು. ಕೀವನ್ನು ಹೊರಹರಿಸಬೇಕು, ಸತ್ತ ಮಾಂಸವನ್ನು ಕತ್ತರಿಸಿ ತೆಗೆಯಬೇಕು. ಕೆಲವೊಮ್ಮೆ ಎರಡು ಮೂರು ಸಲ ಕತ್ತರಿಸಬೇಕಾಗುತ್ತದೆ. ಸತ್ತ ಮಾಂಸಕ್ಕೆ ರಕ್ತ ಹರಿಯದುದರಿಂದ ಎಂಥ ಔಷಧವೂ ಅಲ್ಲಿಗೆ ಮುಟ್ಟುವುದಿಲ್ಲ. ಔಷಧದ ವಿಷಯದಲ್ಲಿಯೂ ಕಾಲವೇ ಪ್ರಧಾನವೆಂಬುದನ್ನು ಒಂದು ಹಳೆಯ ಪ್ರಯೋಗ ತೋರಿಸಿಕೊಟ್ಟಿದೆ. 1952ರಲ್ಲಿ ಹ್ಯಾರಿ ಈಗಲ್ ಎಂಬ ವಿಜ್ಞಾನಿಯು ಇಲಿಗಳ ಮಾಂಸಖಂಡಕ್ಕೆ ಸ್ಟ್ರೆಪ್ಟೋಕಾಕಸ್ ನಂಜನ್ನು ತಗುಲಿಸಿ, ಕೆಲವಕ್ಕೆ ಬೇಗನೆ, ಕೆಲವಕ್ಕೆ ತಡವಾಗಿ ಪೆನ್ಸಿಲಿನ್ ಕೊಟ್ಟನು. ಬೇಗ ಪಡೆದವು ಬದುಕಿದವು; ತಡವಾಗಿ ಪಡೆದವುಗಳ ಮೇಲೆ ಅದೇ ಪೆನ್ಸಿಲಿನ್ ಫಲಕಾರಿಯಾಗಲಿಲ್ಲ. ಪೆನ್ಸಿಲಿನ್ ಕೊಲ್ಲುವುದು ವೇಗವಾಗಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳನ್ನು. ಸಂಖ್ಯೆ ಮಿತಿಮೀರಿ ಬೆಳವಣಿಗೆ ನಿಧಾನವಾದ ಮೇಲೆ ಅದರ ಬಾಣ ಗುರಿ ತಪ್ಪುತ್ತದೆ. 1988ರಲ್ಲಿ ಇದೇ ಪ್ರಯೋಗವನ್ನು ಮತ್ತೆ ನಡೆಸಿದಾಗ, ವಿಷದ ಉತ್ಪಾದನೆಯನ್ನೇ ತಡೆಯುವ ಕ್ಲಿಂಡಾಮೈಸಿನ್ ತಡವಾಗಿ ಕೊಟ್ಟಾಗಲೂ ಹೆಚ್ಚು ಉಪಕಾರ ಮಾಡಿತು. ಇಂದು ಸ್ಟ್ರೆಪ್ಟೋಕಾಕಸ್ ಮತ್ತು ಕ್ಲಾಸ್ಟ್ರಿಡಿಯಂ ನಂಜುಗಳಲ್ಲಿ ಎರಡನ್ನೂ ಸೇರಿಸಿ ಕೊಡುವ ಪದ್ಧತಿಗೆ ಇದು ಆಧಾರ.

ಇನ್ಸುಲಿನ್ನಿನ ವಿಷಯದಲ್ಲಿ ನಮ್ಮಲ್ಲಿ ಒಂದು ಭಯವಿದೆ: ಒಮ್ಮೆ ಹಿಡಿದರೆ ಬಿಡಿಸಲಾಗದು ಎಂದು. ನಂಜು ತಗಲಿದಾಗ ದೇಹದ ಸಕ್ಕರೆ ತಾನಾಗಿಯೇ ಏರುತ್ತದೆ. ಏರಿದ ಸಕ್ಕರೆ ನಂಜನ್ನು ಪೋಷಿಸುತ್ತದೆ. ಈ ಚಕ್ರವನ್ನು ಮುರಿಯುವುದಕ್ಕೆ ಆ ಹೊತ್ತಿನಲ್ಲಿ ಇನ್ಸುಲಿನ್ ಬೇಕು. ಗುಣವಾದ ಮೇಲೆ ಎಷ್ಟೋ ಮಂದಿ ಮಾತ್ರೆಗಳಿಗೆ ಹಿಂತಿರುಗುತ್ತಾರೆ. ಮಾವನೂ ಹಾಗೆಯೇ ಹಿಂತಿರುಗಿದ್ದಾರೆ. ಇಲ್ಲಿಯೇ ಇನ್ನೊಂದು ಮಾತು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಒಂದು ವರ್ಗದ ಹೊಸ ಮಾತ್ರೆಗಳನ್ನು ಸೇವಿಸುವವರಲ್ಲಿ ಫೂರ್ನಿಯೇ ರೋಗವು ಅತಿ ವಿರಳವಾಗಿ ಕಾಣಿಸಿದೆಯೆಂದು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಎಚ್ಚರಿಸಿತು. ಇದನ್ನು ಕೇಳಿ ಯಾರೂ ತಾವಾಗಿಯೇ ಮಾತ್ರೆ ಬಿಡಬಾರದು. ಆ ಭಾಗದಲ್ಲಿ ನೋವು, ಬಾವು, ಜ್ವರ ಕಂಡರೆ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ಕೂಡಲೇ ಹೇಳಬೇಕು, ಅಷ್ಟೆ.

ವಿದ್ಯಾರ್ಥಿಗಳಾದ ನಾವು ಮಾಡಬೇಕಾದುದೇನು? ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಔಷಧದ ಚೀಟಿ ಓದಲು, ಪೇಟೆಯ ಆಸ್ಪತ್ರೆಗೆ ಜೊತೆಯಾಗಲು ಹಿರಿಯರು ನಮ್ಮನ್ನೇ ಕರೆಯುತ್ತಾರೆ. ಆ ನಂಬಿಕೆಗೆ ತಕ್ಕಷ್ಟು ತಿಳಿವಳಿಕೆ ನಮಗಿರಬೇಕು. ಮಧುಮೇಹಿಯ ಅಂಗಾಲನ್ನು ದಿನಕ್ಕೊಮ್ಮೆ ನೋಡುವುದು, ಬರಿಗಾಲಿನಲ್ಲಿ ಗದ್ದೆ ತೋಟಗಳಿಗೆ ಇಳಿಯದಂತೆ ತಡೆಯುವುದು, ಸಣ್ಣ ಗಾಯವನ್ನೂ ಸೋಪು ನೀರಿನಿಂದ ತೊಳೆದು ಮುಚ್ಚುವುದು, ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ರಕ್ತಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸುವುದು, ಇವು ಯಾರ ಕೈಯಲ್ಲಿಯೂ ಆಗದ ಕೆಲಸಗಳಲ್ಲ. ಮಧುಮೇಹಿಗೆ ಜ್ವರವೂ ಒಂದೇ ಕಡೆಯ ಮಾಂಸದ ನೋವೂ ಜೊತೆಯಾಗಿ ಬಂದರೆ ಅದನ್ನು ಉಳುಕೆಂದು ಕರೆಯಬೇಡಿ. ತಿಕ್ಕಬೇಡಿ, ಶಾಖ ಕೊಡಬೇಡಿ, ನೋವಿನ ಇಂಜೆಕ್ಷನ್ ಚುಚ್ಚಿಸಿ ಸುಮ್ಮನಾಗಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ದು, ಈತನಿಗೆ ಸಕ್ಕರೆ ಕಾಯಿಲೆಯಿದೆ ಎಂಬ ಮಾತನ್ನು ಮೊಟ್ಟಮೊದಲು ಹೇಳಿ. ಬಾವು ಗಂಟೆಗಂಟೆಗೆ ಹರಡುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ.

ಮಾವ ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿದ್ದರು. ಈಗ ತೋಟಕ್ಕೆ ಹೋಗುತ್ತಾರೆ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಹೋಗುತ್ತಾರೆ. ತೊಡೆಯ ಮೇಲೆ ಒಂದು ಗೇಣುದ್ದದ ಕಲೆ ಉಳಿದಿದೆ; ಮೆಟ್ಟಿಲು ಹತ್ತುವಾಗ ಆ ಕಾಲು ಸ್ವಲ್ಪ ಹಿಂದೆ ಬೀಳುತ್ತದೆ. ದಸರಾ ರಜೆಯಲ್ಲಿ ಅವರ ಮನೆಗೆ ಹೋಗಿದ್ದಾಗ, ಪಕ್ಕದ ಮನೆಯ ಮುದುಕರೊಬ್ಬರು ಸೊಂಟ ಹಿಡಿದುಕೊಂಡು ಬಂದು, ಸಂಜೆಯಾದರೆ ಮೈ ಕಾಯುತ್ತದೆ, ಸ್ವಲ್ಪ ಎಣ್ಣೆ ಹಚ್ಚಿ ತಿಕ್ಕಿಕೊಡು ತಮ್ಮಾ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಒಳಗಿನಿಂದ ಕೂಗಿದರು: “ತಿಕ್ಕೋದು ಆಮೇಲೆ ಮಾರಾಯ್ರೆ, ಮೊದಲು ಸಕ್ಕರೆ ನೋಡ್ಸಿ!”